ಹವಳದ ಕಲ್ಲಿಗೆ ಅಂಟಿ ಬಂದವರು

ಬಹಳ ಹಿಂದೆ, ಏಳು ಹೊಳೆಗಳು ಕಡಲು ಸೇರುವ ಕಡೆ ಶಂಖಾವತಿ ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ವೀರಬಂಕನಿಗೆ ಒಬ್ಬಳೇ ಮಗಳು, ತಾರಾವಳಿ. ಅವಳು ಹುಟ್ಟಿದ ದಿನ ಕಡಲತಾಯಿ ಒಂದು ಕೆಂಪು ಹವಳವನ್ನು ದಡಕ್ಕೆ ತಂದಿಟ್ಟು, "ಈ ಕೂಸಿನ ಪ್ರಾಣ ಇದರಲ್ಲಿದೆ" ಎಂದು ಹೇಳಿ ಹೋದಳು. ದೊರೆ ಅರಮನೆಯ ನಡುವೆ ಸ್ಫಟಿಕದ ಕೊಳ ಕಟ್ಟಿಸಿ, ದಿನಾ ಕಡಲ ನೀರು ಹೊರಿಸಿ ತುಂಬಿಸಿ, ಹವಳವನ್ನು ಮಗಳಷ್ಟೇ ಮುದ್ದಾಗಿ ಸಾಕಿದ.

ಉಗ್ರಜಾಲನೆಂಬ ಮಾಯಾವಿ ಬಂದು ತಾರಾವಳಿಯನ್ನು ತನಗೆ ಕೊಡೆಂದು ಕೇಳಿದ. ದೊರೆ ಕೊಡೆನೆಂದ. "ನೀನೇ ನನ್ನನ್ನು ಹೊರಿಸಿಕೊಂಡು ಬಂದು ಮನೆಯೊಳಗೆ ಇಟ್ಟುಕೊಳ್ಳುತ್ತೀಯ, ನೋಡುತ್ತಿರು" ಎಂದು ನಕ್ಕು ಅವನು ಕಡಲಿಗಿಳಿದ. ಮತ್ತೆ ಅವನನ್ನು ಕಂಡವರಿಲ್ಲ.

ರಾಜಕುಮಾರಿಗೆ ಹದಿನೆಂಟಾದಾಗ ಹವಳ ಕೂತಿದ್ದ ಕಲ್ಲು ಸವೆದು ಪುಡಿಯಾಯಿತು. ಹೊಸ ಕಲ್ಲು ತಂದವನು ಸಂಕು. ಮುತ್ತಿಗಾಗಿ ಮುಳುಗುವುದು ಅವನ ಕಸುಬು. ಅವನ ಕುಲಕ್ಕೆ ಒಂದು ವರವಿತ್ತು: ಬಾಯಲ್ಲಿ ಉಪ್ಪುನೀರು ಹಿಡಿದಿರುವಷ್ಟು ಹೊತ್ತು ಕಡಲ ಜೀವಿಗಳ ಮಾತು ಕೇಳಿಸುತ್ತಿತ್ತು. ಆದರೆ ಬಾಯಿ ತುಂಬ ನೀರಿಟ್ಟುಕೊಂಡು ತಿರುಗಿ ಮಾತಾಡುವುದು ಹೇಗೆ? ಉಗುಳಿದರೆ ಕೇಳಿಸದು, ಹಿಡಿದರೆ ಆಡಲಾಗದು. ವರವೋ ಶಾಪವೋ ಅವನಿಗೇ ತಿಳಿದಿರಲಿಲ್ಲ.

ಸಂಕು ತೂತು ತೂತಾದ, ಪಾಚಿ ಹಿಡಿದ ಒಳ್ಳೆಯ ಕಲ್ಲನ್ನು ಆರಿಸಿ ತಂದು ಕೊಳದಲ್ಲಿಟ್ಟ. ವಾರ ಕಳೆಯುವಷ್ಟರಲ್ಲಿ ಹವಳದ ತುದಿ ಬೆಳ್ಳಗಾಯಿತು. ತಾರಾವಳಿಯ ಬೆರಳ ತುದಿಗಳೂ ಬೆಳ್ಳಗಾದವು.

ದೊರೆ ಸಂಕುವನ್ನು ಕರೆಸಿದ. "ಏನನ್ನೋ ತಂದು ನನ್ನ ಮನೆಗೆ ಹಾಕಿದ್ದೀಯ. ಏನದು?"

"ಬರೀ ಕಲ್ಲು, ಮಹಾಪ್ರಭು."

"ಬರೀ ಕಲ್ಲು ಹವಳವನ್ನು ತಿನ್ನುತ್ತದೆಯೇ? ಉಗ್ರಜಾಲ ಅದರೊಳಗೆ ಕೂತು ಬಂದಿದ್ದಾನೆ. ಮೂರು ದಿನ ಕೊಟ್ಟಿದ್ದೇನೆ. ಹುಡುಕಿ ತೆಗೆ. ಇಲ್ಲವಾದರೆ ನಿನ್ನ ತಲೆ ಉಳಿಯದು."

ಸಂಕು ಕೊಳದ ಬದಿಯಲ್ಲಿ ಮೊಣಕಾಲೂರಿ ಕೂತ. ತಾರಾವಳಿಯೂ ಬಂದು ಎದುರಿಗೆ ಕೂತಳು.

ಮೊದಲ ದಿನ ಕಲ್ಲಿನ ತೂತಿನಿಂದ ಗೇಣುದ್ದದ ಹುಳವೊಂದು ಹೊರಬಂತು. ನೂರು ಕಾಲು, ಕಾಲಿಗೊಂದು ಕುಚ್ಚು ಮುಳ್ಳು. ಅದು ನೇರವಾಗಿ ಹವಳದ ಬಿಳಿ ತುದಿಗೆ ಹೋಗಿ ಬಾಯಿ ಹಾಕಿತು.

"ಇದೇ!" ಎಂದು ಸಂಕು ಕೈಹಾಕಿ ಹಿಡಿದ. ಬೆರಳಿಗೆ ಬೆಂಕಿ ಬಿದ್ದಂತಾಯಿತು. ಆದರೂ ಬಿಡದೆ ಎಳೆದು ಮಡಕೆಗೆ ಹಾಕಿ ಮುಚ್ಚಿದ. ಅರಮನೆಯಲ್ಲಿ ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು. ಸಂಜೆಯಾಗುವಷ್ಟರಲ್ಲಿ ಕೊಳ ನಾರತೊಡಗಿತು. ತಾರಾವಳಿಯ ಅಂಗೈ ಪೂರ್ತಿ ಬಿಳುಚಿತು.

ಸಂಕು ಬಾಯಲ್ಲಿ ನೀರು ತುಂಬಿಕೊಂಡು ಮಡಕೆಗೆ ಕಿವಿ ಇಟ್ಟ. ಪ್ರಶ್ನೆ ಕೇಳುವ ಕೆಲಸವನ್ನು ತಾರಾವಳಿ ವಹಿಸಿಕೊಂಡಳು.

"ನೀನು ಉಗ್ರಜಾಲನೇ?"

"ನಾನು ಹುಳ, ತಾಯಿ. ಸತ್ತದ್ದನ್ನು ತಿನ್ನುತ್ತೇನೆ, ಬದುಕಿದ್ದನ್ನು ಮುಟ್ಟುವುದಿಲ್ಲ. ಹೆಣ ಎತ್ತಲು ಬಂದವನನ್ನೇ ಕೊಲೆಗಾರ ಎಂದರೆ ಹೇಗೆ?"

ಸಂಕು ನೀರು ಉಗುಳಿ, ಹುಳ ಹೇಳಿದ್ದನ್ನು ಹೇಳಿದ. "ಹಾಗಾದರೆ ನಂಬೋಣವೇ?" ಎಂದಳು ತಾರಾವಳಿ.

"ಗೊತ್ತಾಗುತ್ತಿಲ್ಲ, ಅಮ್ಮಣ್ಣಿ. ಅವನೇ ಆಗಿದ್ದರೂ ಹೀಗೇ ಹೇಳುತ್ತಿದ್ದ. ಆದರೆ ಇದನ್ನು ತೆಗೆದ ಮೇಲೇ ಕೊಳ ನಾರಿದ್ದು."

ಅಳುಕುತ್ತಲೇ ಹುಳವನ್ನು ನೀರಿಗೆ ಬಿಟ್ಟರು. ಬೆಳಗಾಗುವಷ್ಟರಲ್ಲಿ ನಾತ ಹೋಗಿತ್ತು. ಹವಳ ಮಾತ್ರ ಇನ್ನಷ್ಟು ಬೆಳ್ಳಗಾಗಿತ್ತು.

ಎರಡನೇ ದಿನ ಕಲ್ಲಿನೊಳಗಿಂದ ಟಕ್, ಟಕ್ ಎಂದು ಸದ್ದು ಕೇಳಿತು. ನೋಡಿದರೆ ಕೊಳದ ತಳದಲ್ಲಿ ಒಡೆದ ಶಂಖಗಳ ರಾಶಿ! ತೂತಿನಿಂದ ಕಡ್ಡಿಯ ಮೇಲೆ ಕೂರಿಸಿದಂಥ ಎರಡು ಕಣ್ಣು ಇಣುಕಿದವು. ಹಸಿರು ಮೈಯ ಸಿಗಡಿ, ಎದೆಗೆ ಮಡಚಿದ ಎರಡು ಮುಷ್ಟಿ. ಕಾವಲುಗಾರ ಹತ್ತಿರ ಬಂದದ್ದೇ ತಡ, ಅದು ಸ್ಫಟಿಕಕ್ಕೆ ಒಂದು ಗುದ್ದು ಕೊಟ್ಟಿತು. ಗೋಡೆ ಮೇಲಿಂದ ಕೆಳಗೆ ಬಿರುಕು ಬಿಟ್ಟಿತು.

"ಇನ್ನೇನು ಅನುಮಾನ? ಕೊಲ್ಲಿರಿ!" ಎಂದು ದೊರೆ ಗುಡುಗಿದ.

ತಾರಾವಳಿ ಅಡ್ಡ ಬಂದಳು. "ಅಪ್ಪಾಜಿ, ನಿನ್ನೆಯೂ ಹೀಗೇ ಅಂದುಕೊಂಡೆವು. ಒಂದು ಮಾತು ಕೇಳುತ್ತೇನೆ." ಸಂಕು ಬಾಯಿಗೆ ನೀರು ತುಂಬಿಕೊಂಡ. "ನೀನು ಉಗ್ರಜಾಲನೇ?" ಎಂದಳು ಅವಳು.

"ಯಾವನವನು? ಗುದ್ದುವುದು ನನ್ನ ಕಸುಬು. ಶಂಖ ಒಡೆದದ್ದು ನಾನೇ, ಏಡಿ ತಿಂದದ್ದೂ ನಾನೇ. ಹವಳದಲ್ಲಿ ಏನು ಮಾಂಸವಿದೆ ಅಂತ ಅದನ್ನು ತಿನ್ನಲಿ?"

ನೀರು ಉಗುಳಿ ಅದನ್ನು ಹೇಳಿದ ಸಂಕುವಿಗೆ ತಲೆ ಕೆಟ್ಟಿತು. ಮೊದಲನೆಯದು ಕಳ್ಳನಂತಿತ್ತು, ಒಳ್ಳೆಯದಾಯಿತು. ಇದು ನಿಜಕ್ಕೂ ಪುಂಡ, ಆದರೆ ತಾವು ಹುಡುಕುವ ಪುಂಡನಲ್ಲ. ಕೊನೆಗೆ ಶಂಖದ ತಿರುಳು ತೋರಿಸಿ ಅದನ್ನು ಹೊರಗೆಳೆದು ಕಡಲ ನೀರು ತುಂಬಿದ ಕಲ್ಲಿನ ತೊಟ್ಟಿಗೆ ಬಿಟ್ಟ. ಕೊಳದ ಬಿರುಕಿಗೆ ಅರಗು ಮೆತ್ತಿದರು. ಅಷ್ಟರಲ್ಲಿ ತಾರಾವಳಿಯ ತೋಳು ಭುಜದವರೆಗೆ ಸುಣ್ಣದಂತಾಗಿತ್ತು.

ಮೂರನೇ ದಿನ ಅವಳಿಗೆ ಏಳಲಾಗಲಿಲ್ಲ. ಕೊಳದ ಬದಿಗೇ ಹಾಸಿಗೆ ತಂದು ಹಾಕಿದರು.

"ಸಂಕಣ್ಣ, ಆ ಹೂವು ಎಷ್ಟು ಚೆಂದ ನೋಡು" ಎಂದಳು. ಹವಳದ ಪಕ್ಕದಲ್ಲೇ ಕಲ್ಲಿನ ಮೇಲೆ ಜೇನಿನ ಬಣ್ಣದ, ಗಾಜಿನಂತೆ ಒಳಗೆಲ್ಲ ಕಾಣುವ ಹೂಗಳು ಎಸಳು ಬಿಚ್ಚಿ ನಿಂತಿದ್ದವು. "ಮೊದಲು ಒಂದೇ ಇತ್ತು. ಇವತ್ತು ಮೂರಾಗಿದೆ."

ಇಷ್ಟು ದಿನ ಅದು ಕಣ್ಣಿಗೆ ಬಿದ್ದಿದ್ದರೂ ಸಂಕು ಅದನ್ನು ಅನುಮಾನಿಸಿರಲಿಲ್ಲ. ಹೂವನ್ನು ಯಾರು ಅನುಮಾನಿಸುತ್ತಾರೆ? ಈಗ ಬಾಗಿ ನೋಡಿದ. ಎಸಳು ಅಲುಗಿ ಹವಳವನ್ನು ಸವರಿತು. ಸವರಿದ ಕಡೆ ಬಣ್ಣ ಹೋಯಿತು. ತಾರಾವಳಿ ನೋವಿನಿಂದ ನರಳಿದಳು. ಸಂಕು ಬಾಯಿಗೆ ನೀರು ತುಂಬಿಕೊಂಡ.

"ಮೂರು ದಿನ ಬೇಕಾಯಿತೇ, ಪೆದ್ದ?" ಎಂದು ಮೂರೂ ಹೂಗಳು ಒಂದೇ ದನಿಯಲ್ಲಿ ನಕ್ಕವು.

ಸಂಕು ನೀರು ಉಗುಳಿ ಕೂಗಿದ. ದೊರೆ ಓಡಿಬಂದು ಕತ್ತಿ ಬೀಸಿದ. ಹೂಗಳು ಚೂರುಚೂರಾದವು. ಬಿದ್ದ ಒಂದೊಂದು ಚೂರೂ ಕಲ್ಲಿಗೆ ಅಂಟಿ ಎಸಳು ಬಿಚ್ಚಿತು. ನೋಡನೋಡುತ್ತ ಇಪ್ಪತ್ತೊಂದಾದವು. ದೊರೆಯ ಕೈಯಿಂದ ಕತ್ತಿ ಜಾರಿತು.

"ಮಹಾಪ್ರಭು, ನನಗೇನೂ ತೋಚುತ್ತಿಲ್ಲ" ಎಂದ ಸಂಕು. "ಕಡಿದರೆ ಹೆಚ್ಚುತ್ತಾನೆ, ಬಿಟ್ಟರೆ ಕೊಲ್ಲುತ್ತಾನೆ."

ತಾರಾವಳಿ ಕಷ್ಟಪಟ್ಟು ತಲೆಯೆತ್ತಿದಳು. "ಕಡಲಿನಲ್ಲಿಯೂ ಇಂಥ ಹೂಗಳಿರುತ್ತವಲ್ಲ. ಮತ್ತೆ ಕಡಲೆಲ್ಲ ಅವೇ ಯಾಕೆ ತುಂಬಿಲ್ಲ? ಅವನ್ನು ತಿನ್ನುವವರು ಯಾರೋ ಇರಬೇಕು. ಆ ಗುದ್ದುವವನನ್ನು ಕೇಳೋಣ."

ಸಂಕು ಬಾಯಿಗೆ ನೀರು ತುಂಬಿಕೊಂಡು ತೊಟ್ಟಿಗೆ ಬಾಗಿದ. ತಾರಾವಳಿ ಕೇಳಿದಳು. ಗುದ್ದುವ ಸಿಗಡಿ ಸಿಡುಕಿತು: "ಕೆಂಪು ಗೆರೆಯ ಪುಟ್ಟ ಸಿಗಡಿಗಳು. ಅದೇ ಕಲ್ಲಿನೊಳಗೆ ಅಡಗಿವೆ. ಅವನ್ನು ಹಿಡಿಯಲೆಂದೇ ನಾನು ಕಲ್ಲು ಕುಟ್ಟುತ್ತಿದ್ದದ್ದು. ನನ್ನ ಭಯಕ್ಕೆ ಅವು ಹೊರಗೆ ಬರುತ್ತಿರಲಿಲ್ಲ."

ಸಂಕು ಉಗುಳಿ ಅದನ್ನು ಹೇಳಿದ. ಈಗ ಭಯಪಡಿಸುವವನು ತೊಟ್ಟಿಯಲ್ಲಿದ್ದ. ಎಲ್ಲರೂ ಕಲ್ಲನ್ನೇ ನೋಡುತ್ತ ಕಾದರು. ಒಂದು ತೂತಿನಿಂದ ನೂಲಿನಂಥ ಮೀಸೆ ಇಣುಕಿತು. ಆಮೇಲೆ ಇನ್ನೊಂದು. ನೀರಿನಷ್ಟೇ ತಿಳಿಯಾದ ಮೈ, ಅದರ ಮೇಲೆ ಕುಂಕುಮದ ಗೆರೆ. ಬೆರಳುದ್ದವೂ ಇಲ್ಲದ ನಾಲ್ಕು ಸಿಗಡಿಗಳು ಹೊರಬಂದವು. ಒಂದು ಹೂವನ್ನು ಮುಟ್ಟಿ ನೋಡಿದವು. ರುಚಿ ಹಿಡಿಸಿತು.

ಸಂಕು ಮತ್ತೆ ಬಾಯಿಗೆ ನೀರು ತುಂಬಿಕೊಂಡಿದ್ದ. ಇಪ್ಪತ್ತೊಂದು ದನಿ ಹತ್ತಾಯಿತು, ಹತ್ತು ಮೂರಾಯಿತು, ಮೂರು ಒಂದಾಯಿತು. "ಬೇಡ! ನಾನು ಉಗ್ರಜಾಲ, ಮನುಷ್ಯ! ಹೊನ್ನು ಕೊಡುತ್ತೇನೆ, ರಾಜ್ಯ ಕೊಡುತ್ತೇನೆ!" ಎಂದು ಕೊನೆಯ ಹೂವು ಕಿರುಚಿತು. ಸಿಗಡಿಗೆ ಹೊನ್ನೇಕೆ, ರಾಜ್ಯವೇಕೆ? ಅದು ಸಾವಕಾಶವಾಗಿ ಕೊನೆಯ ಎಸಳನ್ನೂ ತಿಂದು ಮೀಸೆ ತಿಕ್ಕಿಕೊಂಡಿತು.

ಹವಳದ ಬುಡದಿಂದ ಕೆಂಪು ಏರತೊಡಗಿತು. ತಾರಾವಳಿಯ ತೋಳಿಗೆ, ಅಂಗೈಗೆ, ಬೆರಳಿಗೆ ರಕ್ತ ಬಂತು. ಅವಳು ಎದ್ದು ಕೂತು ಮೊದಲು ಕೇಳಿದ್ದು ಗಂಜಿ.

ದೊರೆ ಸಂಕುವನ್ನು ಅಪ್ಪಿಕೊಂಡ. "ನಿನ್ನಂಥ ಜಾಣನಿಲ್ಲ!"

"ಜಾಣತನವೆಲ್ಲಿ ಬಂತು, ಮಹಾಪ್ರಭು? ಎರಡು ದಿನ ತಪ್ಪಿದೆ. ಮೂರನೇ ದಿನ ದಾರಿ ತೋರಿಸಿದ್ದು ಅಮ್ಮಣ್ಣಿ."

"ಅಪ್ಪಾಜಿ," ಎಂದಳು ತಾರಾವಳಿ, "ಈ ಹವಳವನ್ನು ಕಡಲಿಗೇ ಬಿಡೋಣ."

ದೊರೆ ಬೆಚ್ಚಿದ. "ಅಲ್ಲಿ ಇಂಥ ಹೂಗಳು ಸಾವಿರವಿವೆ, ಮಗಳೇ!"

"ಅವನ್ನು ತಿನ್ನುವವರೂ ಸಾವಿರವಿದ್ದಾರೆ. ಇಲ್ಲಿ ನಾಲ್ಕೇ ಇದ್ದರು, ಅದೂ ಅದೃಷ್ಟಕ್ಕೆ."

ದೊರೆ ಒಂದು ದಿನವಿಡೀ ಯೋಚಿಸಿದ. ಆಮೇಲೆ ಒಪ್ಪಿದ. ಸಂಕು ಕೊಳದಲ್ಲೇ ಮುಳುಗುವುದನ್ನು ಅವಳಿಗೆ ಕಲಿಸಿದ. ಇಬ್ಬರೂ ಹವಳ ಕೂತ ಕಲ್ಲನ್ನು ಹುಳ, ಸಿಗಡಿಗಳ ಸಮೇತ ಕಡಲ ತಳಕ್ಕೆ ಇಳಿಸಿದರು. ಗುದ್ದುವವನನ್ನು ಮಾತ್ರ ದೂರದ ಬಂಡೆಗೆ ಬಿಟ್ಟರು. ಹದಿನೆಂಟು ವರ್ಷ ಅರಮನೆ ಬಿಟ್ಟು ಕದಲದ ತಾರಾವಳಿ ಅಂದು ಮೊದಲ ಸಲ ಅಲೆಗೆ ಮೈಯೊಡ್ಡಿ, ಉಪ್ಪುನೀರು ಕುಡಿದು, ಕೆಮ್ಮಿ, ಗಹಗಹಿಸಿ ನಕ್ಕಳು. ದಡದಲ್ಲಿದ್ದ ದೊರೆಯೂ ನಕ್ಕ. ಆ ನಗು ಶಂಖಾವತಿಯ ಮನೆಮನೆಯಲ್ಲೂ ಬಹುಕಾಲ ಉಳಿಯಿತು.