ಬತೂಲಳ ಶುಕ್ರವಾರದ ಟೂರ್

“ಎಲ್ಲರೂ ಬಲಗಡೆ ನೋಡಿ!” ಬತೂಲ್ ಕೈ ಎತ್ತಿ ಕೂಗಿದಳು. “ಈಗ ನಿಮ್ಮ ಕಣ್ಣ ಮುಂದೆ ಇರೋದು ಏನು ಗೊತ್ತಾ?”

ತಿಲೀಲಾ ಮತ್ತು ಅನೀರ್ ಬಲಗಡೆ ನೋಡಿದರು. ಬಲಗಡೆ ಒಂದು ಕತ್ತೆ ನಿಂತಿತ್ತು.

“ಕತ್ತೆ,” ಅಂದ ಅನೀರ್.

“ಕತ್ತೆ ಅಲ್ಲ ಕಣೋ! ಕತ್ತೆ ಹಿಂದೆ ಗೋಡೆ ಇದೆಯಲ್ಲ, ಅದು. ಸಾವಿರ ವರ್ಷದ ಗೋಡೆ!”

ಕತ್ತೆಯ ಬೆನ್ನ ಮೇಲೆ ಗ್ಯಾಸ್ ಸಿಲಿಂಡರ್ ಹೇರಿದ್ದರು. ಸಾವಿರ ವರ್ಷದ ಗೋಡೆ ಅದರ ಹಿಂದೆ ಒಂಚೂರೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಕತ್ತೆಯವನು “ಬಾಲಕ್! ಬಾಲಕ್!” ಅಂತ ಅಬ್ಬರಿಸಿದ. ಫೆಸ್ ಊರಿನಲ್ಲಿ ಬಾಲಕ್ ಅಂದರೆ ದಾರಿ ಬಿಡಿ ಅಂತ. ಬಾಲಕರೂ ಬಿಡಬೇಕು, ಬಾಲಕಿಯರೂ ಬಿಡಬೇಕು. ಮೂವರೂ ಗೋಡೆಗೆ ಅಂಟಿಕೊಂಡು ನಿಂತರು. ಕತ್ತೆ ಹೋಗುವಾಗ ಬಾಲದಿಂದ ಗೈಡಮ್ಮನ ಮುಖಕ್ಕೇ ಒಂದು ಬಾರಿಸಿತು.

“ಇದೂ ಟೂರ್‌ನಲ್ಲಿ ಇತ್ತಾ?” ಅಂತ ಕೇಳಿದಳು ತಿಲೀಲಾ.

“ಇದು ಫ್ರೀ,” ಅಂದಳು ಬತೂಲ್ ಕೆನ್ನೆ ಒರೆಸಿಕೊಳ್ಳುತ್ತ.

ತಿಲೀಲಾ, ಅನೀರ್ ಇಬ್ಬರೂ ಅಜ್ರೂ ಊರಿನವರು. ಅವರ ಸ್ಕೂಲಿನ ಐದನೇ ಕ್ಲಾಸಿನ ಮಕ್ಕಳೆಲ್ಲ ಬೆಳಿಗ್ಗೆ ಬಸ್ಸಿನಲ್ಲಿ ಬೆಟ್ಟ ಇಳಿದು ಬಂದಿದ್ದರು. ಬತೂಲಳ ಕ್ಲಾಸಿನ ಒಬ್ಬೊಬ್ಬರೂ ಇಬ್ಬಿಬ್ಬರನ್ನು ಮನೆಗೆ ಕರೆದುಕೊಂಡು ಹೋಗಿ ಶುಕ್ರವಾರದ ಕುಸ್‌ಕುಸ್ ಅನ್ನುವ, ಹಬೆಯಲ್ಲಿ ಬೇಯಿಸಿದ ರವೆಯ ಊಟ ಹಾಕಿಸಬೇಕು. ಮೂರು ಗಂಟೆಗೆ ಬಸ್ ವಾಪಸ್. ಇಷ್ಟೇ ಕೆಲಸ.

ಆದರೆ ಬತೂಲ್ ಸುಮ್ಮನೆ ಇರಬೇಕಲ್ಲ? ಕ್ಲಾಸಿನಲ್ಲಿ ಎಲ್ಲರ ಎದುರಿಗೆ ಎದ್ದು ನಿಂತಿದ್ದಳು.

“ಮಿಸ್, ನಾನು ನನ್ನ ಗೆಸ್ಟ್‌ಗಳಿಗೆ ಟೂರ್ ಮಾಡಿಸ್ತೀನಿ. ನಮ್ಮಪ್ಪ ಗೈಡ್ ಮಿಸ್. ಕಣ್ಣು ಮುಚ್ಕೊಂಡು ಊರೆಲ್ಲ ಸುತ್ತಿಸ್ತೀನಿ.”

“ಕಣ್ಣು ಬಿಟ್ಕೊಂಡು ನೆಟ್ಟಗೆ ಮನೆಗೆ ಹೋಗಮ್ಮ, ಅಷ್ಟು ಸಾಕು,” ಅಂದಿದ್ದರು ಟೀಚರ್.

ಹಿಂದಿನ ದಿನ ಮನೆಯಲ್ಲೂ ಇದೇ ಜಂಬ. “ಅಪ್ಪ, ನಾಳೆ ನೋಡ್ತಿರು. ನಿನಗಿಂತ ಚೆನ್ನಾಗಿ ಟೂರ್ ಮಾಡಿಸಿ ಊಟದ ಹೊತ್ತಿಗೆ ಸರಿಯಾಗಿ ಕರ್ಕೊಂಡು ಬರ್ತೀನಿ.”

“ಆಗ್ಲಿ ಗೈಡಮ್ಮ,” ಅಂತ ಅಪ್ಪ ನಕ್ಕಿದ್ದ. “ನನ್ನ ಹೆಸರು ಕೆಡಿಸಬೇಡ, ಅಷ್ಟೇ.”

ಅಪ್ಪ ತಮಾಷೆಗೆ ಅಂದಿದ್ದು. ಬತೂಲಳಿಗೆ ಮಾತ್ರ ಅದು ಎದೆಗೇ ನಾಟಿತ್ತು. ಊರಿನ ಗೈಡುಗಳಲ್ಲೆಲ್ಲ ತನ್ನ ಅಪ್ಪನೇ ಫಸ್ಟ್ ಅಂತ ಅವಳ ನಂಬಿಕೆ. ಗೈಡಿನ ಮಗಳು ಒಂದು ಸಣ್ಣ ಟೂರನ್ನೂ ಸರಿಯಾಗಿ ಮಾಡಿಸಲಿಲ್ಲ ಅಂತಾದರೆ ಅಪ್ಪನಿಗೆ ಮುಖ ತೋರಿಸುವುದು ಹೇಗೆ?

ನಿಜ ಹೇಳಬೇಕೆಂದರೆ ಬತೂಲಳಿಗೆ ಗೊತ್ತಿದ್ದದ್ದು ಅಪ್ಪನ ಮಾತು, ಅಪ್ಪನ ದಾರಿಯಲ್ಲ. “ಎಲ್ಲರೂ ಬಲಗಡೆ ನೋಡಿ” ಅನ್ನುವುದು ಬಾಯಿಪಾಠ ಆಗಿತ್ತು. ಆದರೆ ಯಾವ ಬಲಗಡೆ ಅನ್ನುವುದು ಆಗಿರಲಿಲ್ಲ. ಅವಳು ದಿನಾ ಓಡಾಡುತ್ತಿದ್ದದ್ದು ಮನೆಯಿಂದ ಸ್ಕೂಲಿಗೆ, ಮನೆಯಿಂದ ರೊಟ್ಟಿ ಸುಡಿಸುವ ಒಲೆಮನೆಗೆ, ಮನೆಯಿಂದ ಅತ್ತೆ ಮನೆಗೆ. ಉಳಿದ ಊರನ್ನು ಅಪ್ಪನ ಕೈ ಹಿಡಿದು, ಐಸ್‌ಕ್ರೀಮ್ ನೆಕ್ಕುತ್ತ ನೋಡಿದ್ದಳು. ಐಸ್‌ಕ್ರೀಮ್ ಚೆನ್ನಾಗಿ ನೆನಪಿತ್ತು.

ಆದರೂ ಟೂರ್ ಮೊದಮೊದಲು ಚೆನ್ನಾಗಿಯೇ ಸಾಗಿತು. ಅರಿಶಿನ ಗುಡ್ಡೆ ಹಾಕಿರುವ ಅಂಗಡಿಯ ಹತ್ತಿರ ಎಡಕ್ಕೆ. ತಾಮ್ರದ ಹಂಡೆ ನೇತಾಡುವ ಕಡೆ ಬಲಕ್ಕೆ. ದಪ್ಪ ಬೆಕ್ಕು ಮಲಗಿರುವ ಉಣ್ಣೆ ಅಂಗಡಿ ದಾಟಿದ ಮೇಲೆ ನೇರ. ಚರ್ಮ ಹದ ಮಾಡುವ ಕಡೆ ಹೋದಾಗ ವಾಸನೆಗೆ ಅನೀರ್ ಮೂಗು ಮುಚ್ಚಿಕೊಂಡ. “ನಮ್ಮ ಕಾಡಲ್ಲಿ ಕೋತಿಗಳೂ ಇಷ್ಟು ನಾರಲ್ಲಪ್ಪ,” ಅಂದ. ಬತೂಲಳಿಗೆ ಅದನ್ನು ಕೇಳಿ ಹೆಮ್ಮೆಯೇ ಆಯಿತು.

ಅಷ್ಟರಲ್ಲಿ ಮಸೀದಿಯಿಂದ ನಮಾಜಿನ ಕರೆ ಕೇಳಿಸಿತು. ಒಂದು ಮಸೀದಿ ಅಲ್ಲ, ಊರಿನ ಎಲ್ಲ ಮಸೀದಿಗಳಿಂದಲೂ.

ಎಲ್ಲ ಗಲ್ಲಿಗಳಲ್ಲೂ ಅಂಗಡಿಯವರು ಎದ್ದರು. ಅರಿಶಿನದ ಗುಡ್ಡೆ ಒಳಗೆ ಹೋಯಿತು. ತಾಮ್ರದ ಹಂಡೆಗಳು ಟಣ್ ಟಣ್ ಅಂತ ಒಳಗೆ ಹೋದವು. ದಪ್ಪ ಬೆಕ್ಕನ್ನೂ ಉಣ್ಣೆಯವನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಎಲ್ಲ ಕಡೆ ಹಲಗೆ ಬಾಗಿಲುಗಳು ದಬ್ ದಬ್ ಅಂತ ಮುಚ್ಚಿಕೊಂಡವು. ಗಂಡಸರೆಲ್ಲ ಮಸೀದಿ ಕಡೆ ಹೊರಟರು. ನೋಡನೋಡುತ್ತ ಗಲ್ಲಿ ಖಾಲಿ.

ಬತೂಲ್ ಹಿಂದಕ್ಕೆ ತಿರುಗಿದಳು. ಮುಚ್ಚಿದ ಹಲಗೆ. ಮುಂದೆ ನೋಡಿದಳು. ಅಲ್ಲೂ ಮುಚ್ಚಿದ ಹಲಗೆ. ಎಡಕ್ಕೂ ಅದೇ, ಬಲಕ್ಕೂ ಅದೇ!

ಶುಕ್ರವಾರ ಈ ಹೊತ್ತಿಗೆ ಅವಳು ಯಾವತ್ತೂ ಹೊರಗೆ ಇದ್ದವಳಲ್ಲ. ಮನೆಯಲ್ಲಿ ಅಜ್ಜಿಯ ಕುಸ್‌ಕುಸ್ ತಟ್ಟೆಯ ಸುತ್ತ ಜಾಗ ಹಿಡಿದಿರುತ್ತಿದ್ದಳು. ಊರು ಹೀಗೆ ಗುರುತು ಸಿಗದ ಹಾಗೆ ಆಗಿಬಿಡುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

“ಈಗ ಯಾವ ಕಡೆ?” ಅಂದಳು ತಿಲೀಲಾ.

“ಈ ಕಡೆ,” ಅಂತ ಬತೂಲ್ ತೋಚಿದ ಕಡೆ ಕೈ ತೋರಿಸಿದಳು. ಕೈ ಗಟ್ಟಿಯಾಗಿ ತೋರಿಸಿದರೆ ಕಾಲಿಗೂ ಧೈರ್ಯ ಬರುತ್ತದೆ ಅಂತ ಅವಳ ಲೆಕ್ಕ.

ಒಂದು ಗಲ್ಲಿ ಹೋಗಿ ಇನ್ನೊಂದು ಬಂತು. ಅದು ಹೋಗಿ ಮತ್ತೊಂದು ಬಂತು. ಒಂದು ಕಡೆ ಗೋಡೆ ಪಕ್ಕ ಒಡೆದ ಹಸಿರು ಬಕೆಟ್ಟಿನಲ್ಲಿ ಪುದೀನ ಬೆಳೆದಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಬಕೆಟ್ ಬಂತು.

“ಇದನ್ನ ಆಗಲೇ ನೋಡಿದ್ವಲ್ಲ?” ಅಂದ ಅನೀರ್.

“ಅದು ಬೇರೆ. ನಮ್ಮೂರಲ್ಲಿ ಎಲ್ಲರೂ ಪುದೀನ ಬೆಳೀತಾರೆ.”

ಬಕೆಟ್ ಮೂರನೇ ಸಲ ಬಂದಾಗ ಅನೀರ್ ಬಾಯಿ ತೆರೆಯುವ ಮೊದಲು ಅವನ ಹೊಟ್ಟೆಯೇ ಗುರ್ ಅಂದಿತು.

“ನಮ್ಮ ಕಡೆ ದಾರಿ ತಪ್ಪಿದ್ರೆ ಯಾರನ್ನಾದ್ರೂ ಕೇಳ್ತೀವಿ,” ಅಂದಳು ತಿಲೀಲಾ ಮೆಲ್ಲಗೆ.

“ದಾರಿ ತಪ್ಪಿದ್ದು ಯಾರು? ಇದು ಟೂರ್ ಕಣೇ, ಟೂರ್!”

ಫೆಸ್‌ನಲ್ಲಿ ಹುಟ್ಟಿದವರು ಫೆಸ್‌ನಲ್ಲಿ ದಾರಿ ಕೇಳುವುದಾ? ಅದು ಟೂರಿಸ್ಟುಗಳ ಕೆಲಸ. ಬತೂಲಳ ಅಪ್ಪ, ಅಪ್ಪನ ಅಪ್ಪ, ಅವರಪ್ಪ, ಯಾರೂ ಕೇಳಿದವರಲ್ಲ. ಕೇಳಿದರೆ ಮಾನ ಹೋದ ಹಾಗೆಯೇ. ಆದರೆ ಒಳಗೊಳಗೆ ಅವಳಿಗೆ ಅಳು ಬರುವಷ್ಟು ಭಯ ಆಗಿತ್ತು. ಊಟಕ್ಕೆ ಕರೆದುಕೊಂಡು ಬಂದವರನ್ನು ಉಪವಾಸ ಬಸ್ ಹತ್ತಿಸಿದರೆ ಏನು ಗತಿ? ‘ಬತೂಲ್, ನಿನ್ನ ಬಾಯಿಗೆ ಒಂದು ಬೀಗ ಮಾಡಿಸಬೇಕಿತ್ತು ಕಣೇ’ ಅಂತ ತನಗೆ ತಾನೇ ಬೈದುಕೊಂಡಳು.

ಮುಂದಿನ ಗಲ್ಲಿಯ ಬಾಯಲ್ಲಿ, ಒಂದು ಮನೆಯ ಹೊಸ್ತಿಲ ಮೇಲೆ ಚೋಟುದ್ದದ ಹುಡುಗಿಯೊಬ್ಬಳು ಖರ್ಜೂರ ತಿನ್ನುತ್ತ ಕೂತಿದ್ದಳು. ಐದು ವರ್ಷ ಇರಬೇಕು. ಬತೂಲಳನ್ನು ಮೇಲಿಂದ ಕೆಳಗೆ ನೋಡಿದಳು.

“ಬೊಂಜೂರ್ ಮದಾಮ್!” ಅಂತ ಫ್ರೆಂಚಿನಲ್ಲಿ ಶುರು ಮಾಡಿದಳು. “ಫೆರ್ಮೆ, ಫೆರ್ಮೆ! ದಾರಿ ಬಂದ್!”

ಬತೂಲ್ ಕಲ್ಲಿನಂತೆ ನಿಂತುಬಿಟ್ಟಳು. ಮದಾಮಾ? ತಾನಾ? ತನ್ನ ಊರಿನಲ್ಲೇ ತನ್ನನ್ನು ಟೂರಿಸ್ಟ್ ಅಂದುಕೊಂಡಿತಲ್ಲ ಈ ಮೊಳಕೆ!

ಹಿಂದೆ ಕಿಸಕ್ಕನೆ ನಗು ಕೇಳಿಸಿತು. ತಿಲೀಲಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು.

“ನಾನು ಈ ಊರಿನವಳೇ ಕಣೇ!” ಅಂತ ಬತೂಲ್ ಸಿಟ್ಟಿನಿಂದ ಗದರಿಸಿ, ಬಂದ್ ಅಂದ ಗಲ್ಲಿಗೇ ನುಗ್ಗಿದಳು.

ಗಲ್ಲಿ ನಿಜವಾಗಲೂ ಬಂದ್ ಆಗಿತ್ತು. ಎರಡು ತಿರುವು ಆದ ಮೇಲೆ ಒಂದು ಮನೆಯ ದೊಡ್ಡ ಬಾಗಿಲು, ಅಷ್ಟೇ. ಬಾಗಿಲಿನ ಮೇಲೆ ಬಡಿಯುವುದಕ್ಕೆ ಎರಡು ಕಬ್ಬಿಣದ ಬಳೆ, ಮೇಲೊಂದು ದೊಡ್ಡದು, ಕೆಳಗೊಂದು ಚಿಕ್ಕದು.

ಈಗ ಏನಾದರೂ ಹೇಳಲೇಬೇಕು. ಬತೂಲ್ ಗಂಟಲು ಸರಿಮಾಡಿಕೊಂಡಳು.

“ನಾನು ನಿಮ್ಮನ್ನ ಕರ್ಕೊಂಡು ಬಂದಿದ್ದೇ ಇದನ್ನ ತೋರಿಸೋಕೆ. ಹಳೇ ಕಾಲದಲ್ಲಿ ದೊಡ್ಡ ಬಳೆ ರಾಜನಿಗೆ, ಚಿಕ್ಕ ಬಳೆ ರಾಣಿಗೆ. ರಾಣಿ ಮಾರುವೇಷದಲ್ಲಿ ಬರ್ತಿದ್ಲು...”

ಅಬ್ಬಬ್ಬಾ, ಎಂಥ ಸುಳ್ಳು! ದೊಡ್ಡದು ಹೊರಗಿನವರಿಗೆ, ಚಿಕ್ಕದು ಮನೆಯವರಿಗೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಮನೆ ಬಾಗಿಲಿಗೂ ಎರಡಿವೆ. ಆದರೆ ರಾಣಿಯ ಕತೆ ಇನ್ನೂ ಚೆನ್ನಾಗಿತ್ತಲ್ಲ. ರಾಣಿಯ ಕುದುರೆಯ ಬಣ್ಣ ಯಾವುದು ಅಂತ ಯೋಚಿಸುತ್ತಿರುವಾಗ ಅನೀರ್ ಮುಂದೆ ಹೋಗಿ ಚಿಕ್ಕ ಬಳೆಯನ್ನು ಟಕ್ ಟಕ್ ಅಂತ ಬಡಿದೇಬಿಟ್ಟ.

“ಬಂದೆ ಬಂದೆ! ನಮಾಜ್ ಇಷ್ಟು ಬೇಗ ಮುಗೀತೇನ್ರೀ?” ಅಂತ ಒಳಗಿಂದ ದನಿ ಬಂತು. ಬಾಗಿಲು ತೆರೆಯಿತು. ಮೊಣಕೈವರೆಗೂ ರವೆ ಮೆತ್ತಿಕೊಂಡ ದಪ್ಪ ಹೆಂಗಸೊಬ್ಬಳು ಗಂಡನನ್ನು ಹುಡುಕುತ್ತ ನಿಂತಳು. ಗಂಡನ ಬದಲು ಮೂರು ಮಕ್ಕಳು.

“ನೀವೇನಾ ರಾಣಿ?” ಅಂತ ಕೇಳಿದ ಅನೀರ್.

“ನೋಡಪ್ಪ, ಮದುವೆ ಆಗಿ ಮೂವತ್ತು ವರ್ಷ ಆಯ್ತು, ನಮ್ಮ ಯಜಮಾನರಿಗೆ ಇದು ಇನ್ನೂ ಹೊಳೆದಿಲ್ಲ,” ಅಂತ ಹೆಂಗಸು ಹೊಟ್ಟೆ ಕುಲುಕಿಸಿ ನಕ್ಕಳು. ಆಮೇಲೆ ಬತೂಲಳ ಕಡೆ ತಿರುಗಿದಳು. “ಯಾರ ಮಗಳೇ ನೀನು?”

ಫೆಸ್‌ನಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಂಡವರಿಲ್ಲ. ಬತೂಲ್ ಚಪ್ಪಲಿ ನೋಡಿಕೊಳ್ಳುತ್ತ, ಅಮ್ಮಾ ಅನ್ನುವ ಹಾಗೆ ಲಲ್ಲಾ ಅಂತ ಮರ್ಯಾದೆ ಸೇರಿಸಿ ಹೇಳಿದಳು. “ದಾಳಿಂಬೆ ಗಲ್ಲಿ ಮುಫದ್ದಲ್ ಮಗಳು, ಲಲ್ಲಾ.”

“ಗೈಡ್ ಮುಫದ್ದಲ್? ತಾಮು ಅಜ್ಜಿ ಮೊಮ್ಮಗಳಾ ನೀನು! ಅಯ್ಯೋ, ಟೆರೇಸ್ ಮೇಲೆ ಬಟ್ಟೆ ಒಣಗಿಸುವಾಗ ದಿನಾ ನೋಡ್ತೀನಲ್ಲೇ ನಿನ್ನ! ಮೇಲಿಂದ ನೋಡಿ ನೋಡಿ ಬರೀ ನೆತ್ತಿ ಗುರುತು ನನಗೆ. ನಾನು ಯಾಮ್ನಾ ಕಣೇ. ನಿಮ್ಮ ಮನೆ ಹಿಂದಿನ ಗೋಡೆ, ನಮ್ಮ ಮನೆ ಹಿಂದಿನ ಗೋಡೆ, ಒಂದೇ ಗೋಡೆ. ಇಲ್ಲೇನು ಮಾಡ್ತಿದ್ದೀಯ?”

ಅಂದರೆ ಬತೂಲ್ ಇಷ್ಟು ಹೊತ್ತು ತನ್ನ ಮನೆಯ ಬೆನ್ನಿಗೇ ಗಿರಕಿ ಹೊಡೆಯುತ್ತಿದ್ದಳು!

“ಟೂರ್ ಮಾಡಿಸ್ತಿದ್ಲು,” ಅಂದಳು ತಿಲೀಲಾ.

ಯಾಮ್ನಾ ಮೂವರನ್ನೂ ಮೆಟ್ಟಿಲು ಹತ್ತಿಸಿ ಟೆರೇಸಿಗೆ ಕರೆದುಕೊಂಡು ಹೋದಳು. ಪಕ್ಕದ ಟೆರೇಸಿನ ತುದಿಯಲ್ಲಿ ಅಜ್ಜಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಕೆಳಗಿನ ಗಲ್ಲಿ ಇಣುಕುತ್ತಿದ್ದಳು. ನಡುವೆ ಎದೆಯೆತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು, ದಾಟುವ ಹಾಗಿಲ್ಲ.

“ತಾಮು ಅಜ್ಜೀ! ನಿಮ್ಮ ಮೊಮ್ಮಗಳು ಇಲ್ಲಿದ್ದಾಳೆ! ದಾರಿ ತಪ್ಪಿಸಿಕೊಂಡಿದ್ದಾಳೆ!”

“ದಾರಿ ತಪ್ಪಿದ್ಲಾ?” ಅಜ್ಜಿಯ ದನಿ ಏಳು ಟೆರೇಸಿಗೆ ಕೇಳಿಸಿತು. “ನಮ್ಮ ಬತೂಲಾ? ಅಯ್ಯೋ ನನ್ನ ಕಂದಾ! ಹಸಿದು ಹೋದ್ರೇನೋ ಮಕ್ಳು! ಸುತ್ತು ಹಾಕಿ ಬನ್ನಿ, ನಿಮ್ಮಪ್ಪನೂ ಬರೋ ಹೊತ್ತಾಯ್ತು!”

ಬಟ್ಟೆ ಹಗ್ಗಗಳ ಸಂದಿಯಿಂದ ತಲೆಗಳು ಎದ್ದವು. “ಒಲೆಮನೆ ಹತ್ರ ಎಡಕ್ಕೆ ಹೋಗು!” ಅಂದಳು ಒಬ್ಬಳು. “ಎಡಕ್ಕಲ್ಲ ಮಗಳೇ, ಬಲಕ್ಕೆ!” ಅಂದಳು ಇನ್ನೊಬ್ಬಳು. ಬತೂಲಳಿಗೆ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು. ಅವಳು ದಾರಿ ತಪ್ಪಿದ್ದು ಗೊತ್ತಾಗದವರು ಈ ಊರಿನಲ್ಲಿ ಇನ್ನು ಯಾರೂ ಉಳಿದಿರಲಿಲ್ಲ.

“ನಾನೇ ಬಂದು ಬಿಡ್ತೀನಿ, ಕೈ ತೊಳ್ಕೊಂಡು ಬರ್ತೀನಿ ಇರಿ,” ಅಂದಳು ಯಾಮ್ನಾ.

“ಬೇಡ ಲಲ್ಲಾ. ಇಲ್ಲಿಂದ ನನಗೆ ಗೊತ್ತು,” ಅಂದಳು ಬತೂಲ್.

ಜಂಬ ಅಷ್ಟು ಸುಲಭವಾಗಿ ಸಾಯುತ್ತದೆಯೇ?

ಮೂವರೂ ಹೊರಗೆ ಬಂದರು. ಹೊಸ್ತಿಲ ಮೇಲಿನ ಚೋಟು ಹುಡುಗಿ “ಓ ರೆವ್ವಾರ್ ಮದಾಮ್” ಅಂತ ಕೈ ಬೀಸಿದಳು. ಎರಡು ತಿರುವು ಆಯಿತು. ಮೂರು ದಾರಿ ಕೂಡುವ ಜಾಗ ಬಂತು. ಒಲೆಮನೆಯ ಹತ್ತಿರ ಎಡಕ್ಕೋ ಬಲಕ್ಕೋ ಅನ್ನುವುದು ಆಮೇಲಿನ ಮಾತು. ಒಲೆಮನೆಯೇ ಕಾಣಿಸಲಿಲ್ಲ.

ಬತೂಲ್ ನಿಂತಳು. ಕೈ ಎತ್ತಿ ಗಟ್ಟಿಯಾಗಿ ಒಂದು ಕಡೆ ತೋರಿಸಬೇಕು ಅಂದುಕೊಂಡಳು. ಎತ್ತಿದಳು ಕೂಡ. ತಿಲೀಲಾ ಮತ್ತು ಅನೀರ್ ಆ ಕಡೆಗೇ ಕಾಲು ಇಟ್ಟರು. ತಿಲೀಲಾ ಒಂದು ಕಾಲು ಕುಂಟುತ್ತಿದ್ದಳು, ಶೂ ಕಚ್ಚಿರಬೇಕು. ಯಾವಾಗಿನಿಂದ ಕುಂಟುತ್ತಿದ್ದಳೋ, ಗೈಡಮ್ಮ ನೋಡಿಯೇ ಇರಲಿಲ್ಲ.

ಬತೂಲ್ ಕೈ ಇಳಿಸಿದಳು.

ಬಿಳಿ ಜುಬ್ಬದ ಮುದುಕರೊಬ್ಬರು ನಮಾಜ್ ಮುಗಿಸಿಕೊಂಡು ಬರುತ್ತಿದ್ದರು. ಬತೂಲ್ ಅವರ ಹತ್ತಿರ ಹೋದಳು. ಕಿವಿ ಬಿಸಿಯಾಗಿತ್ತು.

“ಸೀದಿ,” ಅಂತ ಮರ್ಯಾದೆಯಿಂದ ಕರೆದಳು. “ದಾಳಿಂಬೆ ಗಲ್ಲಿಗೆ ಹೇಗೆ ಹೋಗ್ಬೇಕು?”

ಮುದುಕರು ಅವಳನ್ನೂ, ಹಿಂದಿದ್ದ ಇಬ್ಬರನ್ನೂ ನೋಡಿದರು. “ಹೊರಗಿನವರೇನಮ್ಮ?”

“ಅವರಿಬ್ಬರು ಅಜ್ರೂನವರು. ನಾನು ಇಲ್ಲಿಯವಳೇ,” ಅಂದಳು ಬತೂಲ್. “ದಾರಿ ತಪ್ಪಿದೀನಿ.”

ಮುದುಕರು ನಗಲಿಲ್ಲ. ತಲೆ ಕೆರೆದುಕೊಂಡರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಬಾಯಲ್ಲೇ ಏನೋ ಲೆಕ್ಕ ಹಾಕಿದರು.

“ಶುಕ್ರವಾರ ಬಂದ್ರೆ ನಮಗೂ ಗೊತ್ತಾಗಲ್ಲಮ್ಮ, ಎಲ್ಲ ಬಾಗಿಲೂ ಒಂದೇ ಥರ. ಇಲ್ಲಿಂದ ಕೆಳಗೆ ಇಳಿ, ನಲ್ಲಿ ಕಟ್ಟೆ ಸಿಗುತ್ತೆ. ಅಲ್ಲಿ ಇನ್ನೊಂದು ಸಲ ಯಾರನ್ನಾದ್ರೂ ಕೇಳು.”

“ಕೇಳ್ತೀನಿ,” ಅಂದಳು ಬತೂಲ್. ತಿಲೀಲಾಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಮೂವರೂ ಮೆಲ್ಲಗೆ ಕೆಳಗೆ ಇಳಿದರು.