ಹಂಡೆಯಲ್ಲಿ ಕರಗಿದ ಐಗಳು

ಬಹಳ ಹಿಂದೆ, ಬಿಳಿಗಲ್ಲು ರಾಜ್ಯದಲ್ಲಿ, ಪಾಠ ಒಪ್ಪಿಸುವ ದಿನ ಮಾಂತ್ರಿಕ ಧೂಮಾಕ್ಷ ಶಾಲೆಗೆ ನುಗ್ಗಿ ಸೋಮಯ್ಯ ಐಗಳನ್ನು ಉಪ್ಪಿನ ಗಡ್ಡೆ ಮಾಡಿದ. ಗಡ್ಡೆಯನ್ನು ಜೋಳಿಗೆಗೆ ಹಾಕಿಕೊಂಡ.

ವರ್ಷವಿಡೀ ಕಲಿತದ್ದನ್ನು ಮಕ್ಕಳು ಕೊನೆಯ ದಿನ ದೊರೆಯ ಮುಂದೆ ಒಪ್ಪಿಸುವುದು ಆ ರಾಜ್ಯದ ಪದ್ಧತಿ. ದೊರೆ ಎದುರಿಗೇ ಕೂತಿದ್ದ. ಕೂತೇ ಇದ್ದ.

"ಒಂದು ವರ್ಷ ಈ ಮೇಷ್ಟರಿಗೆ ಅನ್ನ ಹಾಕಿದೆಯಲ್ಲ ದೊರೆ, ಏನು ಬಂತು? ಬರೀ ಕಿರುಚಾಟ," ಎಂದ ಧೂಮಾಕ್ಷ. "ಇವನನ್ನು ನನ್ನ ಹಂಡೆಯಲ್ಲಿ ಕರಗಿಸುತ್ತೇನೆ. ಮೂರನೇ ದಿನ ಹೊತ್ತು ಮುಳುಗುವುದರೊಳಗೆ ಒಂದು ಮಗು, ಈ ವರ್ಷ ಕಲಿತದ್ದರಿಂದಲೇ, ಇವನನ್ನು ಇಡಿಯಾಗಿ ವಾಪಸು ತರಲಿ. ತಂದರೆ ನನ್ನ ಮಾಯೆ ಬಿಟ್ಟು ಇದೇ ಶಾಲೆಗೆ ಸೇರುತ್ತೇನೆ. ತರದಿದ್ದರೆ ಶಾಲೆ ನನ್ನ ಕುದುರೆಲಾಯ."

"ಯಾವ ಮಗು?" ಎಂದ ದೊರೆ.

"ನಾನೇ ಆರಿಸುತ್ತೇನೆ," ಎಂದು ಧೂಮಾಕ್ಷ ಕೊನೆಯ ಸಾಲಿಗೆ ಬೆರಳು ತೋರಿಸಿದ.

ಅಲ್ಲಿ ಕೂತಿದ್ದವಳು ಕುಂಬಾರರ ಪುಟ್ಟೀರಿ. ಮೂರನೇ ತರಗತಿ. ಭಾಗಾಕಾರ ಮಾಡಿದಾಗಲೆಲ್ಲ ಶೇಷ ಬರೆಯಲು ಮರೆಯುತ್ತಿದ್ದಳು. "ಉಳಿದದ್ದೆಲ್ಲಿ? ನುಂಗಿದೆಯಾ?" ಎಂದು ಐಗಳು ದಿನಾ ಅವಳ ಕಿವಿ ಹಿಂಡುತ್ತಿದ್ದರು. ಅವಳು ಬುತ್ತಿ ತರದ ದಿನ ತಮ್ಮ ರೊಟ್ಟಿ ಮುರಿದು ಕೊಡುತ್ತಿದ್ದವರೂ ಅವರೇ.

ಪುಟ್ಟೀರಿ ಎದ್ದಳು. ಹೊರಟಳು.

ಧೂಮಾಕ್ಷನ ಕೋಟೆ ಕರಿಬಂಡೆಯ ಮೇಲಿತ್ತು. ಹೊರಗಿನ ಅಂಗಳದಲ್ಲಿ ಒಂದು ಹುಲಿ ಮಲಗಿತ್ತು. ಅದು ಉಸಿರು ಬಿಟ್ಟರೆ ಬೆಂಕಿ ಬರುತ್ತಿತ್ತು.

"ನಾಲ್ಕು ಬಾಗಿಲಿವೆ," ಎಂದಿತು ಹುಲಿ. "ಉತ್ತರದ್ದು ಒಳಗೆ ಹೋಗುವ ದಾರಿ. ಬೇರೆ ಯಾವುದನ್ನು ಮುಟ್ಟಿದರೂ ನಿನ್ನನ್ನು ತಿನ್ನುತ್ತೇನೆ."

ಪುಟ್ಟೀರಿ ಸೂರ್ಯನಿಗೆ ಮುಖ ಮಾಡಿ ನಿಂತಳು. "ಎದುರು ಪೂರ್ವ, ಬೆನ್ನಿಗೆ ಪಶ್ಚಿಮ, ಬಲಕ್ಕೆ ದಕ್ಷಿಣ, ಎಡಕ್ಕೆ ಉತ್ತರ," ಎಂದು ಬಾಯಿಪಾಠ ಹೇಳಿ ಎಡಗಡೆಯ ಬಾಗಿಲಿಗೆ ಕೈ ಚಾಚಿದಳು. ಹುಲಿ ನಾಲಿಗೆ ಚಪ್ಪರಿಸಿತು. ಅವಳು ಕೈ ತಡೆದಳು.

"ಹುಲಿಯಪ್ಪ, ಊಟ ಆಯ್ತಾ?"

"ಮಧ್ಯಾಹ್ನದ್ದು ಆಗಲೇ ಆಯ್ತು. ರಾತ್ರಿಯದ್ದು ನೀನು."

ಐಗಳು ಹೇಳಿದ್ದು ಬೆಳಗಿನ ಸೂರ್ಯನ ಪಾಠ. ಈಗ ಹೊತ್ತು ಇಳಿಯುತ್ತಿದೆ. ಎದುರಿಗಿರುವುದು ಪಶ್ಚಿಮ. ಪುಟ್ಟೀರಿ ಬಲಗಡೆಯ ಬಾಗಿಲು ತಳ್ಳಿದಳು. ತೆರೆಯಿತು.

ಹುಲಿ ಎದ್ದು ನಿಂತಿತು. "ನನ್ನ ಕಾಡು ದಕ್ಷಿಣಕ್ಕಿದೆ ಅಂತಾರೆ. ಅದು ಯಾವ ಕಡೆ ತಾಯಿ?"

ಅವಳು ಎಡಕ್ಕೆ ತೋರಿಸಿದಳು.

"ನೂರು ವರ್ಷ ಕೇಳಿದೆ. ಯಾರೂ ಹೇಳಲಿಲ್ಲ. ನಿನ್ನ ಕೆಲಸ ಮುಗಿಸು, ಆಮೇಲೆ ಹೋಗುತ್ತೇನೆ," ಎಂದು ಹುಲಿ ಅವಳ ಹಿಂದೆ ಬಂತು.

ಎರಡನೇ ದಿನ ಮೆಟ್ಟಿಲಿಗೆ ಸುತ್ತಿಕೊಂಡ ಹಾವು ಸಿಕ್ಕಿತು. ತೊಲೆಯಷ್ಟು ದಪ್ಪ. ಕೊರಳಲ್ಲಿ ತಾಮ್ರದ ತಗಡು.

"ಇದನ್ನು ಓದು. ತಪ್ಪಿದರೆ ಕಚ್ಚುತ್ತೇನೆ."

"ಇದರಲ್ಲಿ ಏನಿದೆ ಅಂತ ನಿನಗೆ ಗೊತ್ತಾ?"

"ಗೊತ್ತಿಲ್ಲ. ಏಳು ವರ್ಷದಿಂದ ಕೊರಳಲ್ಲಿದೆ."

"ಮತ್ತೆ ತಪ್ಪಿದ್ದು ಹೇಗೆ ತಿಳಿಯುತ್ತೆ?"

ಹಾವು ಯೋಚಿಸಿತು. "ಓದು ಅಂದೆನಲ್ಲ!" ಎಂದಿತು.

ಪುಟ್ಟೀರಿ ಲಂಗದ ಅಂಚಿನಿಂದ ಕಿಲುಬು ಉಜ್ಜಿದಳು. ಒತ್ತಕ್ಷರ ಬಂದಲ್ಲಿ ನಿಂತು, ಬೆರಳಿಟ್ಟು ಓದಿದಳು. "ಕೆಂಚಪ್ಪ, ಮಂತ್ರ ಕಲಿತದ್ದು ಸಾಕು. ಮನೆಗೆ ಬಾ. ಬಾಗಿಲು ಹಾಕುವುದಿಲ್ಲ. ಇಂತಿ ನಿನ್ನ ಅವ್ವ."

ಹಾವಿನ ಪೊರೆ ಉದ್ದಕ್ಕೂ ಸೀಳಿತು. ಒಳಗಿನಿಂದ ಒಬ್ಬ ಯುವಕ ಎದ್ದ. ಮೂರು ಮೂರು ಮೆಟ್ಟಿಲು ಹಾರಿ ಇಳಿದು ಓಡಿದ.

ಮೂರನೇ ದಿನ ಬೆಳಿಗ್ಗೆ ಪುಟ್ಟೀರಿ ಹಂಡೆಯ ಮುಂದೆ ನಿಂತಳು. ನೀರು ತಿಳಿಯಾಗಿತ್ತು. ತಳ ಕಾಣುತ್ತಿತ್ತು.

"ಐವತ್ತು ಸೌಟು ನೀರು, ನಾನೇ ಅಳೆದು ಹಾಕಿದ್ದು," ಎಂದ ಧೂಮಾಕ್ಷ. "ನಿನ್ನ ಮೇಷ್ಟ ಕರಗಿದ. ಹೋದ. ಹುಡುಕು ನೋಡೋಣ."

ಅವಳು ಬೆರಳದ್ದಿ ನೆಕ್ಕಿದಳು. ಉಪ್ಪು.

"ಹೋಗಿಲ್ಲ," ಎಂದಳು.

ಮಾಘಮಾಸದಲ್ಲಿ ಐಗಳು ತಟ್ಟೆಯಲ್ಲಿ ಉಪ್ಪುನೀರು ಹಾಕಿ ಶಾಲೆಯ ಜಗಲಿಯ ಬಿಸಿಲಿಗೆ ಇಟ್ಟಿದ್ದರು. ನೀರು ಹೋಗಿತ್ತು. ಉಪ್ಪು ಕೂತಿತ್ತು. ಅದನ್ನು ಮಕ್ಕಳೆಲ್ಲ ಮಾವಿನಕಾಯಿಗೆ ಹಚ್ಚಿಕೊಂಡು ತಿಂದಿದ್ದರು.

ಕೋಟೆಯ ಅಡುಗೆಮನೆಯಲ್ಲಿ ಎಂಟು ಪರಾತಗಳು, ಅಗಲವಾದ ತಟ್ಟೆಗಳು, ಸಿಕ್ಕವು. ಎಲ್ಲ ಒಟ್ಟಿಗೆ ಒಣಗಬೇಕಾದರೆ ಸಮ ಪಾಲಾಗಬೇಕು. "ಎಂಟಾರ್ಲೆ ನಲವತ್ತೆಂಟು," ಎಂದಳು ಪುಟ್ಟೀರಿ. ಪರಾತಕ್ಕೆ ಆರಾರು ಸೌಟು ಹಾಕಿದಳು. ಎಂಟನ್ನೂ ಹುಲಿಯ ಬೆನ್ನ ಮೇಲೆ ಒಂದೊಂದಾಗಿ ಹೊರಿಸಿ, ಕಾದ ಕರಿಬಂಡೆಯ ಮೇಲೆ ಸಾಲಾಗಿ ಇಟ್ಟಳು. ಹಂಡೆಯ ಕಡೆ ತಿರುಗಿ ನೋಡಲಿಲ್ಲ.

ಬಿಸಿಲು ಏರಿತು. ನೀರು ಇಳಿಯಿತು. ಸಂಜೆಯ ಹೊತ್ತಿಗೆ ಎಂಟು ಪರಾತಗಳಲ್ಲೂ ಬಿಳಿ ಉಪ್ಪು. ಪಲ್ಲಕ್ಕಿಯಲ್ಲಿ ಕೂತ ದೊರೆ, ಮಕ್ಕಳು, ಊರಿನವರೆಲ್ಲ ಬಂಡೆಯ ಕೆಳಗೆ ನೆರೆದಿದ್ದರು. ಪುಟ್ಟೀರಿ ಉಪ್ಪು ಕೆರೆದು ಒಂದು ಗುಡ್ಡೆ ಮಾಡಿದಳು. ಗುಡ್ಡೆ ಅಲುಗಿತು. ಸೋಮಯ್ಯ ಐಗಳು ಪಂಚೆ ಕೊಡವಿಕೊಂಡು ಎದ್ದರು.

ಜನ ಕೂಗಿದರು. ಐಗಳು ಬಾಯಿ ತೆರೆದರು. ಸದ್ದಿಲ್ಲ.

"ಇಡಿಯಾಗಿ ಅಂದಿದ್ದೆ!" ಧೂಮಾಕ್ಷ ನಕ್ಕ. "ದನಿ ಎಲ್ಲಿ? ಬಾಯಿಲ್ಲದ ಮೇಷ್ಟರನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಕುದುರೆ ತರಿಸುತ್ತೇನೆ, ಇರಿ."

ಸೂರ್ಯ ಗುಡ್ಡದ ನೆತ್ತಿಗೆ ತಾಗಿದ್ದ. ಐಗಳು ಹತ್ತಿರ ಬಂದು ಅವಳ ಕಿವಿ ಹಿಂಡಿದರು. ದಿನಾ ಹಿಂಡಿದ ಹಾಗೆಯೇ.

"ಅಯ್ಯಯ್ಯೋ, ಉಳಿದದ್ದು!" ಎಂದು ಪುಟ್ಟೀರಿ ಓಡಿದಳು.

ಹಂಡೆಯ ತಳದಲ್ಲಿ ಎರಡು ಸೌಟು ನೀರಿತ್ತು. ಬಳಿದು ಪರಾತಕ್ಕೆ ಹಾಕಿ ತಂದಳು. ಬಿಸಿಲಿಗೆ ಕಾವಿರಲಿಲ್ಲ.

"ಹುಲಿಯಪ್ಪ, ಉಸಿರು ಬಿಡು!"

ಹುಲಿ ಊದಿತು. ಪರಾತ ಕೆಂಪಾಯಿತು. ನೀರು ಚುಂಯ್ ಎಂದು ಹಾರಿತು. ಒಂದು ಚಿಟಿಕೆ ಉಪ್ಪು ಉಳಿಯಿತು. ಅದನ್ನು ಊದಿ ಆರಿಸಿ ಐಗಳ ನಾಲಿಗೆಯ ಮೇಲಿಟ್ಟಳು.

"ಐವತ್ತನ್ನು ಎಂಟರಿಂದ ಭಾಗಿಸಿದರೆ?" ಎಂದರು ಐಗಳು. ಬಂಡೆಯ ಕೆಳಗಿನವರೆಗೂ ಕೇಳಿಸಿತು.

"ಆರು. ಶೇಷ ಎರಡು."

"ಹೂಂ," ಎಂದರು.

ಸೂರ್ಯ ಮುಳುಗಿದ.

ಧೂಮಾಕ್ಷನ ಮಂತ್ರದಂಡ ಅವನ ಕೈಯಲ್ಲೇ ಬಳಪವಾಯಿತು. ಕೋಟೆ ಮಣ್ಣಿನ ಹಾಗೆ ಕುಸಿಯಿತು. ದೊರೆ ಕೊನೆಗೂ ಎದ್ದು ನಿಂತ. ಮಕ್ಕಳು ಪುಟ್ಟೀರಿಯನ್ನು ಹುಲಿಯ ಮೇಲೆ ಕೂರಿಸಿ, ಎಂಟರ ಮಗ್ಗಿ ಕೂಗುತ್ತ ಊರು ಸುತ್ತಿಸಿದರು. ದಾರಿಯಲ್ಲಿ ಕೆಂಚಪ್ಪನ ಮನೆ ಸಿಕ್ಕಿತು. ಅವ್ವ ಅವನಿಗೆ ಊಟ ಬಡಿಸುತ್ತಿದ್ದಳು. ಬಾಗಿಲು ತೆರೆದೇ ಇತ್ತು.

ಮರುದಿನ ಹುಲಿ ದಕ್ಷಿಣಕ್ಕೆ ಹೋಯಿತು. ಶಾಲೆ ಶಾಲೆಯಾಗಿಯೇ ಉಳಿಯಿತು. ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು. ಧೂಮಾಕ್ಷ ಒಂದನೇ ತರಗತಿಗೆ ಸೇರಿದ.

ಪುಟ್ಟೀರಿ ನಾಲ್ಕನೇ ತರಗತಿಗೆ ಪಾಸಾದಳು.