ಬಿಳಿ ಅಕ್ಷರದ ಟೈರು

ಬೆಳಿಗ್ಗೆ ಏಳೂ ಮುಕ್ಕಾಲು. ಕಾಪುವಿನ ಹೆದ್ದಾರಿಯಲ್ಲಿ ನನ್ನ ಜೀಪಿನ ಹಿಂದಿನ ಬಲ ಟೈರು ಸಿಡಿಯಿತು.

ವೇಗ ಎಂಬತ್ತು. ಮಳೆ. ಬೆನ್ನಿಗೆ ಅಂಟಿಕೊಂಡಂತೆ ಒಂದು ಮೀನಿನ ಲಾರಿ...

ಬ್ರೇಕ್ ಒತ್ತಲಿಲ್ಲ. ಒತ್ತಿದ್ದರೆ ಈ ಕತೆಯನ್ನು ನಿಮಗೆ ಬೇರೆ ಯಾರಾದರೂ ಹೇಳಬೇಕಾಗುತ್ತಿತ್ತು. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದೆ. ಜೀಪು ಆಚೆಗೊಮ್ಮೆ ಈಚೆಗೊಮ್ಮೆ ಹೊಯ್ದಾಡಿತು. ಲಾರಿ ಹಾರ್ನ್ ಹೊಡೆಯುತ್ತಾ ಪಕ್ಕದಿಂದ ದಾಟಿತು. ನನ್ನ ಗಾಜಿನ ತುಂಬ ಮೀನಿನ ನೀರು!

ಚರಂಡಿಗೆ ಒಂದು ಗೇಣು ಇರುವಾಗ ಜೀಪು ನಿಂತಿತು.

ನಾನು ಜೆರ್ಟ್ರೂಡ್. ಮನೆ ಮಣಿಪಾಲದಲ್ಲಿ. ಬಹಳ ವರ್ಷ ಪತ್ರಿಕೆಗೆ ಕ್ರೈಮ್ ವರದಿ ಬರೆದೆ. ಈಗ ವಿಮಾ ಕಂಪನಿಗಳಿಗೆ ತನಿಖೆ ಮಾಡಿಕೊಡುತ್ತೇನೆ. ಸುಳ್ಳು ಕ್ಲೇಮು ಹಿಡಿಯುವುದು ಕೆಲಸ. ಈ ಕೆಲಸದಲ್ಲಿ ಗೆಳೆಯರು ಕಡಿಮೆ. ಟೈರು ಸಿಡಿದಾಗ ಮೊದಲು ನೆನಪಾಗುವುದು ಪಂಕ್ಚರ್ ಅಂಗಡಿಯಲ್ಲ... ಹಗೆಗಳು!

ಹಗೆಗಳಲ್ಲಿ ಹೊಸಬ ತಾರಾನಾಥ. ಕಾರ್ಕಳದಲ್ಲಿ ಕಲ್ಲಿನ ಕೋರೆ ನಡೆಸುವವನು. ತನ್ನ ಟಿಪ್ಪರೊಂದು ತಾನಾಗಿ ಸುಟ್ಟುಹೋಯಿತೆಂದು ವಿಮೆ ಕೇಳಿದ್ದ. ಸುಟ್ಟದ್ದಲ್ಲ, ಸುಡಿಸಿದ್ದು ಎಂದು ಮೊನ್ನೆ ವರದಿ ಕೊಟ್ಟಿದ್ದೆ. ನಿನ್ನೆ ಅವನ ಫೋನ್ ಬಂದಿತ್ತು: "ಮಳೆಗಾಲ, ಬಾಯಿ. ರಸ್ತೆ ಜಾರುತ್ತದೆ. ಜಾಗ್ರತೆ." ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಿ, ಗಂಡಸರನ್ನು ಬಾಬ್ ಎಂದು ಕರೆಯುವುದು ರೂಢಿ.

ರಸ್ತೆ ಬದಿಯಲ್ಲಿ ನಿಂತೇ ಅವನಿಗೆ ಫೋನ್ ಮಾಡಿದೆ.

"ನನ್ನ ಟೈರಿಗೆ ಕೈ ಹಾಕಿದ್ದು ಯಾರು?"

"ಎಂತ ಟೈರು?"

"ಈಗ ಸಿಡಿದ ಟೈರು."

ಅವನು ನಕ್ಕ. "ನಿಮ್ಮನ್ನು ಕೊಲ್ಲಲಿಕ್ಕೆ ನಾನು ಟೈರು ಕೊಯ್ಯಬೇಕಾ ಮಾರಾಯ್ತಿ? ಏಳು ಟಿಪ್ಪರ್ ಉಂಟಲ್ವಾ!"

"ಆರು. ಒಂದು ಸುಟ್ಟುಹೋಯಿತಲ್ಲ."

ಫೋನ್ ಕಟ್!

ಆದರೂ ಅವನ ಮಾತಿನಲ್ಲಿ ತರ್ಕವಿತ್ತು. ಬಗ್ಗಿ ಟೈರು ನೋಡಿದೆ. ಚಾಕುವಿನ ಗಾಯ ಇಲ್ಲ. ಮೊಳೆ ಇಲ್ಲ. ರಸ್ತೆಗೆ ತಾಗುವ ದಪ್ಪ ರಬ್ಬರಿನ ಪಟ್ಟಿ ಸಿಪ್ಪೆ ಸುಲಿದ ಹಾಗೆ ಕಿತ್ತು ಬಂದಿತ್ತು. ಒಳಗಿನ ತಂತಿ ಕಾಣುತ್ತಿತ್ತು.

ಹಾಕಿಸಿ ಮೂರು ವಾರ ಆಗಿತ್ತಷ್ಟೇ!

ಹಾಕಿಸಿದ್ದು ಉಡುಪಿ ಬೈಪಾಸಿನಲ್ಲಿರುವ ಲೂಯಿಸ್ ಅವರ ಅಂಗಡಿಯಲ್ಲಿ. ಲೂಯಿಸ್ ಶಿರ್ವದವರು. ಮೆಲುದನಿಯ ಮನುಷ್ಯ. ಅಂದು ನನ್ನ ಮುಂದೆ ಮೂರು ಟೈರು ನಿಲ್ಲಿಸಿದ್ದರು.

"ನಿಮ್ಮ ಓಡಾಟ ಹೇಗೆ ಬಾಯಿ?"

"ಹೆಚ್ಚಿನದು ಹೆದ್ದಾರಿ. ನಡುನಡುವೆ ಕಾರ್ಕಳದ ಕೋರೆ, ತೋಟ, ಕೆಸರು."

"ಹಾಗಾದರೆ ಇದು ಬೇಡ." ಹೆದ್ದಾರಿಯ ಟೈರನ್ನು ಬದಿಗೆ ಉರುಳಿಸಿದರು. "ಇದರ ಗೆರೆಯಲ್ಲಿ ಕೆಸರು ತುಂಬಿದರೆ ಸಾಬೂನಿನ ಮೇಲೆ ನಿಂತ ಹಾಗೆ."

"ಆ ದೊಡ್ಡ ಹಲ್ಲಿನದು?"

"ಮಡ್ ಟೈರು. ಕೆಸರಿನಲ್ಲಿ ರಾಜ. ಹೆದ್ದಾರಿಯಲ್ಲಿ ಹಿಟ್ಟಿನ ಗಿರಣಿಯ ಶಬ್ದ! ಒದ್ದೆ ರಸ್ತೆಯಲ್ಲಿ ನೀವು ಪಡುಬಿದ್ರಿಯಲ್ಲಿ ಬ್ರೇಕ್ ಹಿಡಿದರೆ ಅದು ಮೂಲ್ಕಿಯಲ್ಲಿ ನಿಲ್ಲುತ್ತದೆ."

ಉಳಿದದ್ದು ಮೂರನೆಯದು. ಆಲ್ ಟೆರೇನ್, ಎಲ್ಲ ಬಗೆಯ ದಾರಿಗೂ ಆಗುವ ಜಾತಿ. ಹಲ್ಲು ಮಧ್ಯಮ ಗಾತ್ರದ್ದು. ಕೆಸರು ಉದುರಿಹೋಗಲು ನಡುವೆ ಜಾಗ. ಒದ್ದೆ ಡಾಂಬರು ಹಿಡಿಯಲು ಹಲ್ಲಿನ ಮೇಲೆ ಸಣ್ಣ ಸೀಳು. ಹೊರಮೈಯಲ್ಲಿ ಎದ್ದು ಕಾಣುವ ಬಿಳಿ ಅಕ್ಷರ. ಮೇಲೊಂದು ಸ್ಟಿಕ್ಕರು: ತಯಾರಿಕೆ ಇದೇ ವರ್ಷ.

"ಗಲ್ಫ್ ಮಾಲು!" ಎಂದಿದ್ದರು ಲೂಯಿಸ್. "ನನ್ನ ಹೆಂಡತಿಯ ತಮ್ಮ ಕಂಟೇನರಿನಲ್ಲಿ ಕಳಿಸಿದ್ದು."

ಆಯ್ಕೆ ಸರಿಯಾಗಿತ್ತು. ಈಗಲೂ ಅದನ್ನೇ ಹೇಳುತ್ತೇನೆ. ಜಾತಿ ಸರಿ. ಮಾಲು ಸರಿ ಇರಲಿಲ್ಲ.

ಸ್ಪೇರ್ ಹಾಕಲೆಂದು ಸಿಡಿದ ಟೈರನ್ನು ಬಿಚ್ಚಿ ಮಗುಚಿದೆ. ಒಳಬದಿ ಮೇಲಾಯಿತು. ಯಾವ ಟೈರು ನೋಡಿದರೂ ಒಂದು ಬದಿಯಲ್ಲಿ ನಾಲ್ಕು ಅಂಕೆ ಅಚ್ಚಾಗಿರುತ್ತದೆ. ಮೊದಲ ಎರಡು ತಯಾರಾದ ವಾರ, ಉಳಿದೆರಡು ವರ್ಷ.

2214.

2014ನೇ ಇಸವಿಯ ಇಪ್ಪತ್ತೆರಡನೇ ವಾರ! ಹತ್ತು ವರ್ಷ ದಾಟಿದ ರಬ್ಬರು. ಬೆರಳಿನಿಂದ ಅಮುಕಿದೆ. ಕಪ್ಪು ಪಾಲಿಶಿನ ಅಡಿಯಲ್ಲಿ ಕೂದಲೆಳೆಯ ಬಿರುಕುಗಳು...

ಉಳಿದ ಮೂರನ್ನೂ ಜೀಪಿನಡಿ ತೂರಿ ನೋಡಿದೆ. ಅದೇ ಅಂಕೆ. ಮೂರರಲ್ಲೂ ಒಳಗಡೆ, ಕಣ್ಣಿಗೆ ಬೀಳದ ಬದಿಯಲ್ಲಿ!

ಒಂದು ಟೈರು ಹಾಗಿದ್ದರೆ ಆಕಸ್ಮಿಕ. ನಾಲ್ಕೂ ಹಾಗಿದ್ದರೆ ಅದಕ್ಕೆ ಬೇರೆ ಹೆಸರುಂಟು.

ಸ್ಪೇರ್ ಹಾಕಿ, ವೇಗ ನಲವತ್ತು ದಾಟದ ಹಾಗೆ ಉಡುಪಿಗೆ ಬಂದೆ. ಅಂಗಡಿಯಲ್ಲಿ ಮೂವರಿದ್ದರು. ಲೂಯಿಸ್. ಟೈರು ಜೋಡಿಸುವ ಭುಜಂಗ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡಿದ್ದ ಒಬ್ಬ ಅಪರಿಚಿತ. ಗಮಗಮಿಸುವ ಸೆಂಟು.

ಸತ್ತ ಟೈರನ್ನು ನೆಲಕ್ಕೆ ಎಸೆದೆ.

"ಅಯ್ಯೋ ದೇವಾ!" ಲೂಯಿಸ್ ಎದ್ದರು. "ನಿಮಗೆ ಎಂತ ಆಗಲಿಲ್ಲವಲ್ಲ?"

"ಅಂಕೆ ಓದಿ, ಲೂಯಿಸ್ ಬಾಬ್."

ಬಗ್ಗಿದರು. ಓದಿದರು. ಮುಖ ಬಿಳಿಚಿಕೊಂಡಿತು. ನಟನೆಯೂ ಇರಬಹುದು! ನಾನು ಕಣ್ಣು ತೆಗೆಯಲಿಲ್ಲ.

"ಅಂಕೆ ಒಳಗೆ ಹೋಗುವ ಹಾಗೆ ಹಾಕಲು ಹೇಳಿದ್ದು ಯಾರು?"

ಉತ್ತರ ಕೊಟ್ಟದ್ದು ಭುಜಂಗ. "ಯಾರೂ ಹೇಳುವುದು ಬೇಡ ಅಕ್ಕ. ಬಿಳಿ ಅಕ್ಷರ ಹೊರಗೆ ಬರಬೇಕಲ್ವಾ? ಗಲ್ಫ್ ಟೈರು ಹಾಕಿಸಿದ್ದು ನಾಲ್ಕು ಜನಕ್ಕೆ ಕಾಣದಿದ್ದರೆ ಗಿರಾಕಿ ನನಗೇ ಬೈಯುವುದು!"

"ಬಾಬ್, ನೀವು ಟೈರು ವ್ಯಾಪಾರಿ. ತಾರೀಕು ನೋಡಲಿಲ್ಲವಾ?"

"ಬಾಯಿ..." ಲೂಯಿಸ್ ದನಿ ತಗ್ಗಿಸಿದರು. "ಹೆಂಡತಿಯ ತಮ್ಮ ಕಳಿಸಿದ ಮಾಲು. ಅದನ್ನು ಮಗುಚಿ ತಾರೀಕು ನೋಡಿದರೆ ಮನೆಯಲ್ಲಿ ಊಟ ಸಿಗುತ್ತದಾ?"

ಕುರ್ಚಿಯ ಮನುಷ್ಯ ಎದ್ದ. ಲೆಸ್ಟರ್. ಆ ತಮ್ಮ! ರಜೆಯಲ್ಲಿ ಬಂದಿದ್ದ.

"ಮೇಡಂ, ಟೈರು ಅಂದ ಮೇಲೆ ಸಿಡಿಯುತ್ತದೆ. ಬೇರೆ ಸೆಟ್ ತೆಗೊಳ್ಳಿ. ಫ್ರೀ. ವಿಷಯ ಇಲ್ಲಿಗೇ ಮುಗಿಯಿತು."

"ಮುಗಿಯದಿದ್ದರೆ?"

ಅವನು ಬಾಗಿಲಿಗೆ ಹೋಗಿ ಶಟರನ್ನು ಅರ್ಧ ಎಳೆದ. ಅಂಗಡಿ ಕತ್ತಲಾಯಿತು.

"ನೀವು ಒಬ್ಬರೇ ತಿರುಗುವ ಹೆಂಗಸು. ಊರಿನವರನ್ನು ಎದುರು ಹಾಕಿಕೊಳ್ಳಬಾರದು."

"ನಿನ್ನೆ ಇನ್ನೊಬ್ಬನೂ ಇದನ್ನೇ ಹೇಳಿದ. ನಿಮಗಿಂತ ಚೆನ್ನಾಗಿ ಹೇಳಿದ."

ಲೂಯಿಸ್ ಕಡೆಗೆ ತಿರುಗಿದೆ. "ಈ ಮಾಲು ಇನ್ನು ಯಾರ ಗಾಡಿಗೆ ಹಾಕಿದ್ದೀರಿ?"

"ನಿಮಗೊಂದು ಸೆಟ್. ನಿನ್ನೆ ನನ್ನ ಮಗಳ ಜೀಪಿಗೆ ಒಂದು. ಲೀನಾ ದನಗಳ ಡಾಕ್ಟರಲ್ವಾ, ಕೆಸರು ಬಿಟ್ಟು ಬೇರೆ ದಾರಿ ಇಲ್ಲ ಅವಳಿಗೆ. ಉಳಿದದ್ದೆಲ್ಲ ಗೋಡೌನಿನಲ್ಲಿ ಉಂಟು."

ಶಟರು ಲೆಸ್ಟರನ ಕೈ ಜಾರಿ ಧಡಾರೆಂದಿತು.

"ಲೀನಾಳ ಗಾಡಿಗೆ ಅದನ್ನು ಯಾಕೆ ಹಾಕಿದ್ದು ಭಾವಾ! ಮನೆಯ ಗಾಡಿಗೆ ಯಾರಾದರೂ ಅದನ್ನು..."

ನಿಲ್ಲಿಸಿದ. ತಡವಾಗಿತ್ತು.

ಠಾಣೆಗಳಲ್ಲಿ ಬಹಳ ತಪ್ಪೊಪ್ಪಿಗೆ ಕೇಳಿದ್ದೇನೆ. ಒದೆಯಿಲ್ಲದೆ, ಚಹಾವಿಲ್ಲದೆ, ಇಷ್ಟು ಬೇಗ ಬಂದದ್ದು ಇದೊಂದೇ.

ಲೂಯಿಸ್ ಹೆಂಡತಿಯ ತಮ್ಮನನ್ನೇ ನೋಡುತ್ತಿದ್ದರು. "ಒಳ್ಳೆಯದು ಅಂದೆಯಲ್ಲ ನೀನು. ಅದಕ್ಕೇ ಮಗಳಿಗೆ ಹಾಕಿದೆ."

"ಅವಳು ಈಗ ಎಲ್ಲಿ?" ಕೇಳಿದೆ.

"ಬೆಳ್ಮಣ್ಣಿನ ಹತ್ತಿರ ಒಂದು ತೋಟದಲ್ಲಿ. ದನ ನೋಡಿ, ಅಲ್ಲಿಂದ ಕಾರ್ಕಳದ ಹೆದ್ದಾರಿ ಹಿಡಿದು ಅತ್ತೂರಿನ ಇಗರ್ಜಿಗೆ, ಪ್ರಾರ್ಥನೆಗೆ. ಅವಳ ಅಮ್ಮ ಕಾನ್ಸೆಪ್ಟಾ ಜೊತೆಗಿದ್ದಾಳೆ."

"ಅಕ್ಕನೂ?" ಲೆಸ್ಟರನ ದನಿ ಸೀಳಿತು.

ಲೂಯಿಸ್ ತಲೆ ಹಿಡಿದುಕೊಂಡರು. "ಕೆಸರಿಗೆ ಇಳಿಯುವ ಮೊದಲು ಟೈರಿನ ಗಾಳಿ ಇಳಿಸು ಅಂತ ನಾನೇ ಹೇಳಿಕೊಟ್ಟದ್ದು..."

ಹೇಳಿಕೊಟ್ಟದ್ದು ಸರಿಯೇ. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಕುಳಿತು ಕೆಸರನ್ನು ಹಿಡಿಯುತ್ತದೆ. ಆದರೆ ಹೆದ್ದಾರಿಗೆ ಹತ್ತುವ ಮೊದಲು ಗಾಳಿ ತುಂಬಿಸಬೇಕು. ಇಲ್ಲದಿದ್ದರೆ ಬದಿಯ ರಬ್ಬರು ಮಡಚಿ ಮಡಚಿ ಕಾಯುತ್ತದೆ. ಹೊಸ ಟೈರು ಸ್ವಲ್ಪ ದೂರ ತಾಳಿಕೊಳ್ಳುತ್ತದೆ. ಇದು ತಾಳುವುದಿಲ್ಲ. ಮತ್ತು ಬೆಳ್ಮಣ್ಣಿನ ತೋಟದಲ್ಲಿ ಗಾಳಿ ಹಾಕುವ ಯಂತ್ರ ಇರುವುದಿಲ್ಲ!

ಲೀನಾಳಿಗೆ ಫೋನ್ ಮಾಡಿದೆವು. ರಿಂಗ್... ರಿಂಗ್... ಎತ್ತಲಿಲ್ಲ. ಕಾನ್ಸೆಪ್ಟಾ ಫೋನನ್ನು ಮನೆಯಲ್ಲೇ ಬಿಟ್ಟಿದ್ದರು.

"ನಿಮ್ಮ ಕಾರು ಎಲ್ಲಿ?" ಲೆಸ್ಟರನನ್ನು ಕೇಳಿದೆ.

"ಹೊರಗೆ ಉಂಟು. ಇವತ್ತು ಬಾಡಿಗೆಗೆ ತೆಗೊಂಡದ್ದು."

"ಕೀ ಕೊಡಿ. ಹತ್ತಿ."

ಲೂಯಿಸ್ ಫೋನ್ ಹಿಡಿದು ಅಂಗಡಿಯಲ್ಲೇ ಉಳಿದರು. ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟೆ. ಶಿರ್ವದ ದೊಡ್ಡ ದೊಡ್ಡ ಗೇಟುಗಳು ಹಿಂದೆ ಓಡಿದವು. ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲಿಲ್ಲ. ಡ್ರೈವರು ತುಳುವಿನಲ್ಲಿ ನನ್ನ ವಂಶವನ್ನೆಲ್ಲ ಸ್ಮರಿಸಿದ!

"ಮಾಲು ಎಲ್ಲಿಯದು?" ಕೇಳಿದೆ.

"ಅಲ್ಲಿ ಒಂದು ಯಾರ್ಡಿನಲ್ಲಿ ಬಿಸಿಲಿಗೆ ಬಿದ್ದಿತ್ತು. ಯಾರಿಗೂ ಬೇಡದ್ದು. ಒಂದು ದಿನವೂ ಓಡದ ಟೈರು ಹೊಸದೇ ಅಲ್ವಾ ಮೇಡಂ?"

"ಸ್ಟಿಕ್ಕರು?"

ಅವನು ಕಿಟಕಿಯ ಹೊರಗೆ ನೋಡಿದ.

ಬೆಳ್ಮಣ್ಣು ದಾಟಿ ಕಾರ್ಕಳದ ಹೆದ್ದಾರಿಗೆ ಬಿದ್ದೆವು. ನುಣ್ಣನೆಯ ರಸ್ತೆ. ವೇಗಕ್ಕೆ ಕರೆಯುವ ರಸ್ತೆ. ಮೊದಲ ತಿರುವು ಕಳೆದಾಗ ಕಂಡಿತು. ಹಸಿರು ಜೀಪು. ಬಾಗಿಲಿನ ತನಕ ಕೆಂಪು ಕೆಸರು. ಹಿಂದಿನ ಟೈರುಗಳು ಚಪ್ಪಟೆಯಾಗಿ ಕುಳಿತಿದ್ದವು.

ಗಾಳಿ ತುಂಬಿಸಿರಲಿಲ್ಲ!

ಹಾರ್ನ್ ಒತ್ತಿದೆ. ಲೈಟ್ ಮಿನುಗಿಸಿದೆ. ಹತ್ತಿರ ಹೋದೆ.

ಜೀಪು ವೇಗ ಹೆಚ್ಚಿಸಿತು.

ಇನ್ನೂ ಹತ್ತಿರ ಹೋದೆ. ಅದು ಇನ್ನೂ ಓಡಿತು. ಎಪ್ಪತ್ತು... ಎಂಬತ್ತು... ನನಗೆ ಆಗ ಹೊಳೆಯಿತು. ಕಪ್ಪು ಗಾಜಿನ ಅಪರಿಚಿತ ಕಾರು. ಹಾರ್ನ್ ಹೊಡೆಯುತ್ತಾ ಬೆನ್ನು ಬಿದ್ದಿದೆ. ಜೀಪಿನಲ್ಲಿ ಇಬ್ಬರು ಹೆಂಗಸರು. ಲೀನಾಳ ಜಾಗದಲ್ಲಿ ನಾನಿದ್ದರೂ ನಿಲ್ಲಿಸುತ್ತಿರಲಿಲ್ಲ!

ಆಕ್ಸಿಲರೇಟರಿನಿಂದ ಕಾಲು ತೆಗೆದೆ.

"ಯಾಕೆ ನಿಧಾನ? ಹೋಗಿ ಮೇಡಂ!"

"ನಾವು ಓಡಿಸಿದಷ್ಟೂ ಆ ಟೈರು ಕಾಯುತ್ತದೆ. ಹಿಂದೆ ಹೋದರೆ ಕೊಲ್ಲುವವರು ನಾವೇ." ಅವನ ಬದಿಯ ಗಾಜು ಇಳಿಸಿದೆ. ಮಳೆ ಒಳಗೆ ನುಗ್ಗಿತು. "ಈ ಕಾರಿನಲ್ಲಿ ಅವರು ನಂಬುವ ಮುಖ ಒಂದೇ. ಅದನ್ನು ಹೊರಗೆ ಹಾಕಿ!"

ಅವನು ಅಲುಗಲಿಲ್ಲ. "ನಿಲ್ಲಿಸಿದರೆ... ಅಕ್ಕ ಕೇಳುತ್ತಾಳೆ. ನಾನು ಎಂತ ಹೇಳುವುದು?"

"ಕೇಳಲಿಕ್ಕೆ ಅವರು ಇರಬೇಕಲ್ಲ ಮೊದಲು!"

ಲೆಸ್ಟರ್ ಸೀಟ್ ಬೆಲ್ಟ್ ಬಿಚ್ಚಿದ. ಸೊಂಟದ ತನಕ ಕಿಟಕಿಯಿಂದ ಹೊರಗೆ ಹೋದ. ಅವನ ಪ್ಯಾಂಟಿನ ಬೆಲ್ಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೆ. ಅವನು ಎರಡೂ ಕೈ ಬೀಸಿದ. ಮಳೆಯಲ್ಲಿ ಕೂಗಿದ.

"ಅಕ್ಕಾ! ಅಕ್ಕಾ! ನಿಧಾನ!"

ಜೀಪಿನ ಎಡಗಡೆಯಿಂದ ಒಂದು ತಲೆ ಹೊರಬಂತು. ನರೆತ ಕೂದಲು. ಹಿಂದಕ್ಕೆ ನೋಡಿತು. ಒಳಗೆ ಹೋಯಿತು. ಮತ್ತೆ ಬಂತು.

ಎಡ ಇಂಡಿಕೇಟರ್ ಹತ್ತಿತು. ಜೀಪು ಬ್ರೇಕ್ ಹೊಡೆಯದೆ, ತಾನಾಗಿ ವೇಗ ಇಳಿದು, ನಿಟ್ಟೆಯ ಹತ್ತಿರ ರಸ್ತೆ ಬದಿಗೆ ನಿಂತಿತು.

ಕಾನ್ಸೆಪ್ಟಾ ಕೊಡೆ ಬಿಡಿಸುತ್ತಾ ಇಳಿದರು. "ನಿನಗೆ ಮಂಡೆ ಸರಿ ಉಂಟಾ ಲೆಸ್ಟರ್? ಕೋತಿಯ ಹಾಗೆ ನೇತಾಡಿಕೊಂಡು ಬರುವುದಾ!"

ನಾನು ಹಿಂದಿನ ಎಡ ಟೈರನ್ನು ತೋರಿಸಿದೆ. ಅದರ ಬದಿಯಲ್ಲಿ ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ಉಬ್ಬು ಎದ್ದಿತ್ತು. ಮಳೆಯಲ್ಲೂ ಕೈ ಇಡಲಾಗದಷ್ಟು ಬಿಸಿ.

ಲೀನಾ ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕುಳಿತು ನೋಡಿದಳು. "ಇದು ನಿನ್ನೆ ಹಾಕಿದ್ದು! ಹೊಸದು!"

ಅಂಕೆಯ ವಿಷಯ ಹೇಳಿದೆ. ಅವಳು ಮೊಬೈಲ್ ಬೆಳಕು ಹಿಡಿದು ಒಳಬದಿ ಓದಿದಳು. ಎದ್ದು ನಿಂತಳು. "ಮಾಮಾ... ಇದು ನೀವು ಕಳಿಸಿದ್ದಲ್ವಾ?"

ಕಾನ್ಸೆಪ್ಟಾ ತಮ್ಮನ ಎದುರು ಬಂದರು. "ನಿನಗೆ ಗೊತ್ತಿತ್ತಾ?"

"ಅಕ್ಕಾ, ನಿಮ್ಮ ಗಾಡಿಗೆ ಹಾಕುತ್ತಾರೆ ಅಂತ ಗೊತ್ತಿರಲಿಲ್ಲ. ದೇವರಾಣೆ!"

"ನಾನು ಅದನ್ನು ಕೇಳಲಿಲ್ಲ."

ಅವನು ನನ್ನ ಕಡೆಗೆ ತಿರುಗಿ ದನಿ ತಗ್ಗಿಸಿದ. "ಮೇಡಂ, ಯಾರಿಗೂ ಎಂತದೂ ಆಗಲಿಲ್ಲ. ಇದು ಮನೆಯೊಳಗಿನ ವಿಷಯ. ಪೊಲೀಸು ಗಿಲೀಸು ಬೇಡ."

"ಇವರಿಗೂ ಅದೇ ಟೈರು ಕೊಟ್ಟದ್ದಾ?" ಕಾನ್ಸೆಪ್ಟಾ ಕೇಳಿದ್ದು ನನ್ನನ್ನು ತೋರಿಸಿ.

"ಹೌದು," ಎಂದೆ. "ಬೆಳಿಗ್ಗೆ ಕಾಪುವಿನಲ್ಲಿ ಸಿಡಿಯಿತು."

"ಹಾಗಾದರೆ ಮನೆಯೊಳಗಿನ ವಿಷಯ ಹೇಗಾಗುತ್ತದೆ ಲೆಸ್ಟರ್? ಇವರು ನಮ್ಮ ಮನೆಯವರಲ್ಲವಲ್ಲ!"

ಆಮೇಲೆ ಅವರು ಮಗಳ ಕೈ ಹಿಡಿದು ಬಸ್ಸಿಗೆ ಕೈ ಅಡ್ಡ ಹಾಕಿದರು.

ಮಧ್ಯಾಹ್ನ ಲೂಯಿಸ್ ಗೋಡೌನಿನ ಕೀಯನ್ನು ಪೊಲೀಸರಿಗೆ ಒಪ್ಪಿಸಿ ಬರವಣಿಗೆಯಲ್ಲಿ ದೂರು ಕೊಟ್ಟರು. ಅವರ ಮೇಲಿನ ಅನುಮಾನವನ್ನು ನಾನು ಆ ಹೊತ್ತಿಗೆ ಕೈಬಿಟ್ಟೆ, ಅದಕ್ಕಿಂತ ಮೊದಲಲ್ಲ.

ಶನಿವಾರದ ದುಬೈ ವಿಮಾನ ಲೆಸ್ಟರನನ್ನು ಬಿಟ್ಟು ಹೊರಟಿತು. ಅವನ ಪಾಸ್‌ಪೋರ್ಟು ಠಾಣೆಯಲ್ಲಿತ್ತು. ಕಪಾಟಿನಿಂದ ತೆಗೆದು ತಂದುಕೊಟ್ಟವರು ಅವನ ಅಕ್ಕ.